ಎದುರಾಳಿಯನ್ನು ತಾನೇ ಆರಿಸಿಕೊಂಡ ಅಧಿಪತಿ

“ಗುರುಗಳೇ, ನಮ್ಮನ್ನೇ ನಂಬಿದವರನ್ನು ನಮ್ಮ ಅನುಕೂಲಕ್ಕೆ ಬಳಸಿಕೊಂಡರೆ ತಪ್ಪೇನು?” ಎಂದು ಶಿಷ್ಯನೊಬ್ಬ ಕೇಳಿದ. ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ನಾಡಿಗೆ ಒಬ್ಬ ಅಧಿಪತಿಯಿದ್ದ. ಅಲ್ಲಿ ಆರು ವರ್ಷಕ್ಕೊಮ್ಮೆ ಜನರೇ ಅಧಿಪತಿಯನ್ನು ಆರಿಸುತ್ತಿದ್ದರು, ಅದೂ ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಸ್ಪರ್ಧಿಗಳೆಲ್ಲರ ಮಡಕೆಗಳನ್ನೂ ಒಂದೇ ಪರದೆಯ ಹಿಂದೆ ಇಡುತ್ತಿದ್ದರು. ಯಾವ ಪಕ್ಷದವರು ಯಾರ ಮಡಕೆಗೆ ಬೇಕಾದರೂ ಒಂದು ಹುಣಸೆಬೀಜ ಹಾಕಬಹುದಿತ್ತು, ಕೇಳುವವರಿರಲಿಲ್ಲ. ಹೆಚ್ಚು ಬೀಜ ಬಿದ್ದ ಇಬ್ಬರು ಮಾತ್ರ ಎರಡನೆಯ ಸುತ್ತಿಗೆ ಉಳಿಯುತ್ತಿದ್ದರು.

ಈ ಅಧಿಪತಿ ಎರಡು ಸಲ ಗೆದ್ದಿದ್ದ. ಮೂರನೆಯ ಸಲವೂ ಗದ್ದುಗೆ ತನಗೇ ಬೇಕೆಂಬ ಆಸೆ. ಆಸೆಯೇನು, ಅದನ್ನು ಬಿಟ್ಟು ಬದುಕುವುದು ಹೇಗೆಂದೇ ಅವನಿಗೆ ಮರೆತುಹೋಗಿತ್ತು. ಎದುರಿಗೆ ಇಬ್ಬರು ನಿಂತಿದ್ದರು. ಒಬ್ಬ ಮಾತಿನ ಮಲ್ಲನಾದ ವರ್ತಕ. ಇನ್ನೊಬ್ಬ ದೋಣಿಯವನು, ನಾಲ್ಕು ಜನರೆದುರು ಬಾಯಿ ಬಿಟ್ಟರೆ ತೊದಲುತ್ತಿದ್ದ. ವರ್ತಕನನ್ನು ನೆನೆದರೆ ಅಧಿಪತಿಯ ಎದೆ ಢವಗುಟ್ಟುತ್ತಿತ್ತು. ದೋಣಿಯವನನ್ನು ನೆನೆದರೆ ನಗು ಬರುತ್ತಿತ್ತು.

ಅವನು ತನ್ನ ಕಡೆಯವರಲ್ಲಿ ಅತಿ ನಂಬಿಕಸ್ತರಾದವರನ್ನು ಕರೆಸಿ, “ನನ್ನ ಮಡಕೆ ಹೇಗೂ ತುಂಬುತ್ತದೆ. ಮೊದಲ ಸುತ್ತಿನಲ್ಲಿ ನೀವೆಲ್ಲ ದೋಣಿಯವನಿಗೆ ಹಾಕಿ. ವರ್ತಕ ಹೊರಬೀಳಲಿ. ಆಮೇಲೆ ಈ ತೊದಲುಬಾಯಿಯವನನ್ನು ಸೋಲಿಸುವುದು ನನಗೆ ನೀರು ಕುಡಿದಷ್ಟು ಸುಲಭ,” ಎಂದ.

ಅವರಲ್ಲೊಬ್ಬ ಮುದಿ ನೇಕಾರನಿದ್ದ. ಹನ್ನೆರಡು ವರ್ಷ ಅಧಿಪತಿಯ ಪರವಾಗಿ ಬೀದಿ ಬೀದಿ ಅಲೆದವನು. ಅವನು ತಲೆ ಬಗ್ಗಿಸಿ, “ಆಗಲಿ ಒಡೆಯರೇ,” ಎಂದು ಹೊರಟ.

ಹೂಡಿದ ಆಟ ಫಲಿಸಿತು. ವರ್ತಕ ಹೊರಬಿದ್ದ. ಅಧಿಪತಿ ಹಿಗ್ಗಿ ಹೀರೇಕಾಯಿಯಾದ. ಆದರೆ ಎರಡನೆಯ ಸುತ್ತಿನ ಮಡಕೆಗಳನ್ನು ಸುರಿದು ನೋಡಿದಾಗ ಗೆದ್ದವನು ದೋಣಿಯವನು.

ಅಧಿಪತಿ ನೆಟ್ಟಗೆ ನೇಕಾರನ ಮನೆಗೆ ಹೋದ. ಆ ಮನೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. “ನಿಜ ಹೇಳು, ಎರಡನೆಯ ಸುತ್ತಿನಲ್ಲಿ ನನಗೆ ಹಾಕಿದೆಯಾ?” ಎಂದು ಕೇಳಿದ.

“ಇಲ್ಲ ಒಡೆಯರೇ. ಮೊದಲ ಸುತ್ತಿನಲ್ಲಿ ನೀವು ಹೇಳಿದಿರೆಂದು ದೋಣಿಯವನಿಗೆ ಹಾಕಬೇಕಾಯಿತು. ಗುರುತಿಲ್ಲದವನಿಗೆ ಸುಮ್ಮನೆ ಹಾಕಲು ಮನಸ್ಸು ಒಪ್ಪಲಿಲ್ಲ. ಎಂಥವನೋ ನೋಡೋಣವೆಂದು ಎರಡು ದಿನ ಅವನ ದೋಣಿಯಲ್ಲಿ ಕೂತು ಹೊಳೆಯ ಆಚೆ ಈಚೆ ಓಡಾಡಿದೆ. ಹತ್ತಿದವರ ಕಷ್ಟವನ್ನೆಲ್ಲ ಅವನು ಹುಟ್ಟು ಹಾಕುತ್ತಲೇ ಕೇಳುತ್ತಾನೆ. ನನ್ನ ಕಣ್ಣು ಮಂಜಾಗಿ ಮಗ್ಗ ನಿಂತುಹೋದದ್ದು ಅವನಿಗೆ ಮೊದಲ ದಿನವೇ ತಿಳಿಯಿತು. ನಿಮಗೆ ಇವತ್ತಿಗೂ ತಿಳಿದಿಲ್ಲ. ಹಾಗೆ ನೋಡಲು ಹೋದವನು ನಾನೊಬ್ಬನೇ ಅಲ್ಲ, ಒಡೆಯರೇ.”

ಅಧಿಪತಿಗೆ ನಾಚಿಕೆಯಾಯಿತು. ಬಂದ ದಾರಿ ಹಿಡಿದು ನಡೆದ.

ಕತೆ ಕೇಳಿದ ಶಿಷ್ಯ ಸಿಡಿಮಿಡಿಗೊಂಡು, “ಅಷ್ಟು ನಂಬಿಕಸ್ತನೇ ಕೈಕೊಟ್ಟನಲ್ಲ, ಗುರುಗಳೇ!” ಎಂದ. ಅದಕ್ಕೆ ಗುರು ಹೇಳಿದರು:

“ನಂಬಿಕಸ್ತನಲ್ಲದಿದ್ದರೆ ಅವನು ಆ ದೋಣಿಯನ್ನು ಹತ್ತುತ್ತಲೇ ಇರಲಿಲ್ಲ.”