ಎಣ್ಣೆಗೆ ಬಂಪರ್ ಕೊಟ್ಟ ಉತ್ತರ

ರಾಯಚೂರಿನ ಶಕೀಲಾ ಟೀಚರ್ ಕಾರಿಗೆ ಕರಿಯ ಪ್ಲಾಸ್ಟಿಕ್ಕಿನ ಬಂಪರ್ ಇತ್ತು. ಒಂಬತ್ತು ವರ್ಷ ಶಾಲೆಯ ಬಯಲಿನಲ್ಲಿ ಬಿಸಿಲುಂಡು ಅದು ಬೂದಿಬಣ್ಣಕ್ಕೆ ತಿರುಗಿತ್ತು. ತಂಗಿಯ ಮದುವೆಗೆ ಹೊರಡುವ ದಿನ ಟೀಚರ್ ಅದಕ್ಕೆ ಕೊಬ್ಬರಿ ಎಣ್ಣೆ ಸವರಿದರು.

"ನೋಡು, ಒಂದೇ ಗಳಿಗೆಯಲ್ಲಿ ನಿನ್ನ ಪ್ರಾಯ ಮರಳಿಸಿದೆ," ಎಂದಿತು ಎಣ್ಣೆ. ಬಂಪರ್ ನಂಬಿ ಬೀಗಿತು. ಆದರೆ ದಾರಿಯ ಧೂಳೆಲ್ಲ ಎಣ್ಣೆಗೆ ಅಂಟಿ, ಮದುವೆ ಮನೆ ಮುಟ್ಟುವಷ್ಟರಲ್ಲಿ ಬಂಪರಿನ ಮುಖ ಕೆಸರು ಮೆತ್ತಿದಂತಾಗಿತ್ತು. ಬೀಗರು ನೋಡಿ ನಕ್ಕರು. ಬಂಪರಿಗೆ ಮೈಯೆಲ್ಲ ಉರಿಯಿತು.

ಮರುವಾರ ಟೀಚರ್ ಪ್ಲಾಸ್ಟಿಕ್ಕನ್ನು ಬಿಸಿಲಿನಿಂದ ಕಾಯುವ ಕೋಟಿಂಗ್ ಲೇಪದ ಸೀಸೆ ತಂದಾಗ ಬಂಪರ್ ಸಿಡುಕಿತು: "ಮತ್ತೊಬ್ಬ ಮೋಸಗಾರ! ನೀನೂ ನನ್ನ ಮೇಲೆ ಹೊಳೆಯಲು ಬಂದೆಯಾ?"

"ಹೊಳಪಿನ ಮಾತು ಆಮೇಲೆ," ಎಂದಿತು ಕೋಟಿಂಗ್. "ಮೊದಲು ಈ ಜಿಡ್ಡು ಹೋಗಲಿ. ನಿಮ್ಮ ಬೂದಿಬಣ್ಣ ಎಲ್ಲರಿಗೂ ಕಾಣಲಿ. ಕೊಳೆಯ ಮೇಲೆ ನಾನು ನಿಲ್ಲಲಾರೆ."

ಇಷ್ಟು ನೇರವಾಗಿ ಯಾರೂ ಅದರೊಡನೆ ಮಾತಾಡಿರಲಿಲ್ಲ. ಬಂಪರ್ ಹಲ್ಲು ಕಚ್ಚಿಕೊಂಡು ಟೀಚರ್ ಕೈಯಲ್ಲಿ ಸೋಪುನೀರು ಹಾಕಿ ಉಜ್ಜಿಸಿಕೊಂಡಿತು. ಒಣಗಿದ ಮೇಲೆ ಕೋಟಿಂಗ್ ತೆಳ್ಳಗೆ ಹರಡಿ ಗಟ್ಟಿಯಾಯಿತು, ಕರಿಬಣ್ಣ ಮರಳಿತು. ಮಧ್ಯಾಹ್ನದ ಬಿಸಿಲು ಎರಗಿದಾಗ ಮೊದಲ ಪೆಟ್ಟು ಕೋಟಿಂಗಿಗೆ ಬಿತ್ತು. ಅದು ಕದಲಲಿಲ್ಲ.

ಒರೆಸಿ ಬಿಸಾಡಿದ ಬಟ್ಟೆಯೊಳಗಿಂದ ಎಣ್ಣೆ ಗೊಣಗಿತು: "ನಾನೂ ನಿನ್ನನ್ನು ಕಪ್ಪಾಗಿಸಿದ್ದೆನಲ್ಲ! ಅವನಿಗೆ ಮಾತ್ರ ಏಕೆ ಮರ್ಯಾದೆ?"

"ನೀನು ನನ್ನನ್ನು ನಾಲ್ಕು ಜನರಿಗೆ ತೋರಿಸಲು ಬಂದೆ," ಎಂದು ಬಂಪರ್ ಗದರಿತು. "ಅವನು ನನ್ನ ಪಾಲಿನ ಬಿಸಿಲು ತಿನ್ನಲು ಬಂದಿದ್ದಾನೆ."