ಮೋನಪ್ಪ ಆರು ಗರಗಸ ಹಂಚಿದ್ದು

ಪೆದ್ದರು ಎಲ್ಲ ಊರಲ್ಲೂ ಇರ್ತಾರೆ. ನಿಮ್ಮೂರಲ್ಲೂ ಒಬ್ಬಿಬ್ಬರು ಇರಬಹುದು, ಇಲ್ಲ ಅನ್ನೋದಿಲ್ಲ. ಆದರೆ ನಮ್ಮ ಹೊಸಗಟ್ಟಿಯ ಮೋನಪ್ಪನ ಪಕ್ಕಕ್ಕೆ ತಂದು ನಿಲ್ಲಿಸಿದರೆ ಅವರೆಲ್ಲ ವಕೀಲರ ಹಾಗೆ ಕಾಣ್ತಾರೆ. ಸುತ್ತ ಹನ್ನೆರಡು ಹಳ್ಳಿಯಲ್ಲಿ ಅಂಥವನು ಇಲ್ಲ. ಇದ್ದರೆ ಕರಕೊಂಡು ಬನ್ನಿ, ಊಟ ನಮ್ಮದು.

ಈ ಮೋನಪ್ಪ ಬಡಿಗೇರ ಕಾಳವ್ವನ ಒಬ್ಬನೇ ಮಗ. ವಯಸ್ಸು ಇಪ್ಪತ್ತೆರಡು. ತೋಳು ನೋಡಿದರೆ ಹೋರಿ ನೆನಪಾಗಬೇಕು. ತಲೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ತಲೆ. ಒಂದು ಇಂಚು ಆಚೆ ಇಲ್ಲ, ಒಂದು ಇಂಚು ಈಚೆ ಇಲ್ಲ. ಒಲೆ ಮುಂದೆ ಕೂತು ಹಾಲು ಉಕ್ಕುತ್ತದೇನೋ ನೋಡು ಅಂತ ಅವ್ವ ಹೇಳಿದರೆ ಕೂತು ನೋಡ್ತಾನೆ. ಉಕ್ಕುವುದನ್ನೂ ನೋಡ್ತಾನೆ, ಉಕ್ಕಿದ ಹಾಲಿಗೆ ಒಲೆ ಆರುವುದನ್ನೂ ನೋಡ್ತಾನೆ. ಆಮೇಲೆ ಬಂದು, ಹೂಂ ಅವ್ವ, ಉಕ್ಕಿತು ಅಂತಾನೆ. ಕಾಳವ್ವ ಹಣೆ ಹಣೆ ಬಡಕೊಂಡು ಅಲ್ಲೊಂದು ಕುಳಿ ಬಿದ್ದಿದೆ ಅಂತ ಊರವರ ಮಾತು.

ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಈ ಮಗ, ಮತ್ತೆ ಗೋಡೆಯ ಮೊಳೆಗೆ ತೂಗುಹಾಕಿದ ಆರು ಗರಗಸ. ಅವಳ ತಮ್ಮ ನಾಗಲಿಂಗಪ್ಪನದು ಪೇಟೆಯಲ್ಲಿ ಬಾಗಿಲು-ಕಿಟಕಿ ಮಾಡುವ ಅಂಗಡಿ. ಅವನು ಒಂದು ಅಮಾವಾಸ್ಯೆಗೆ ಬಂದವನು ಗೋಡೆ ನೋಡಿದ, ಅಳಿಯನನ್ನು ನೋಡಿದ, ಮಾತು ಮುಗಿಸಿದ. ಬರುವ ಅಮಾವಾಸ್ಯೆಗೆ ಮತ್ತೆ ಬರ್ತೀನಿ, ಅಷ್ಟರಲ್ಲಿ ಯಾವ ಗರಗಸ ಯಾವ ಕೆಲಸಕ್ಕೆ ಅಂತ ಇವನಿಗೆ ಗುರುತು ಸಿಕ್ಕಿದ್ದರೆ ಕರಕೊಂಡು ಹೋಗ್ತೀನಿ, ಸಿಗದಿದ್ದರೆ ಇಲ್ಲ. ಗುರುತಿಲ್ಲದವನು ನನ್ನ ಅಂಗಡಿಯಲ್ಲಿ ಕೈ ಕೊಯ್ದುಕೊಂಡಾನು ಅಂದ. ಕಾಳವ್ವನಿಗೆ ಇದ್ದ ದಾರಿ ಅದೊಂದೇ. ತಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ಒಂದು ನೆರಳು ಅಂತ ಇದ್ದರೆ ಆ ತಮ್ಮನ ಅಂಗಡಿ.

ಹಾಗಾಗಿ ಅವಳೇ ಕಲಿಸೋಕೆ ಕೂತಳು. ಬಡಿಗನ ಹೆಂಡತಿ, ಗರಗಸ ಗೊತ್ತಿಲ್ಲದೆ ಏನು. ಆರನ್ನೂ ಕಂಬಳಿ ಮೇಲೆ ಸಾಲಾಗಿ ಇಟ್ಟಳು. ದೊಡ್ಡ ಹಲ್ಲಿನದು ಹಲಗೆಯನ್ನು ಉದ್ದಕ್ಕೆ ಸೀಳೋಕೆ. ಸಣ್ಣ ಹಲ್ಲಿನದು ಅಡ್ಡ ಕೊಯ್ಯೋಕೆ. ಬೆನ್ನಿಗೆ ಹಿತ್ತಾಳೆ ಪಟ್ಟಿ ಇರುವುದು ಕೂಡು ಕೂಡಿಸುವಲ್ಲಿ ನೇರ ಕೊಯ್ಯೋಕೆ. ಇಲಿಯ ಬಾಲದ ಹಾಗೆ ಚೂಪಾದದ್ದು ಹಲಗೆಯ ನಡುವೆ ತೂತು ಕೊರೆಯೋಕೆ. ಎರಡೂ ತುದಿಗೆ ಹಿಡಿ ಇರುವ ಮಾರುದ್ದದ್ದು ಇಬ್ಬರು ಎಳೆದು ದಿಮ್ಮಿ ಕೊಯ್ಯೋಕೆ. ಚೌಕಟ್ಟಿನಲ್ಲಿ ತೆಳ್ಳನೆಯ ಬ್ಲೇಡು ಇರುವುದು ಕಬ್ಬಿಣಕ್ಕೆ. ಮೋನಪ್ಪ ಎಲ್ಲದಕ್ಕೂ ಹೂಂ ಅಂದ. ಅವನ ಹೂಂ ನಂಬಿದವರು ನಮ್ಮೂರಲ್ಲಿ ಯಾರೂ ಉದ್ಧಾರ ಆಗಿಲ್ಲ. ಕಾಳವ್ವನಿಗೂ ಅದು ಗೊತ್ತಿತ್ತು. ಕೈಗೆ ಕೆಲಸ ಕೊಟ್ಟೇ ಕಲಿಸಬೇಕು ಅಂದುಕೊಂಡಳು.

ಶಿವಬಸಯ್ಯ ಮಾಸ್ತರ ಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಸಣ್ಣ ಹಲ್ಲಿನ ಗರಗಸ ಕೊಟ್ಟು, ಬಾಗಿಲ ಕೆಳಗಿನ ಅಂಚು ಒಂದು ಬೆರಳು ಕೊಯ್ದು ಬಾ ಅಂತ ಕಳಿಸಿದಳು. ಹುಡುಗ ಬಗ್ಗಿ ಕೆಲಸ ಮಾಡುವುದು ಬೇಡ ಅಂತ ಮಾಸ್ತರು ಮೊದಲೇ ಬಾಗಿಲು ಕಳಚಿ, ತಲೆಕೆಳಗು ಮಾಡಿ ಗೋಡೆಗೆ ಒರಗಿಸಿದ್ದರು. ಮೋನಪ್ಪ ಬಂದ, ನೋಡಿದ. ಅವ್ವ ಹೇಳಿದ್ದು ಕೆಳಗಿನ ಅಂಚು. ಬಾಗಿಲಿಗೆ ಎರಡು ಕಲ್ಲು ಕೊಟ್ಟು, ತಾನು ನೆಲದ ಮೇಲೆ ಮಲಗಿ, ಬೆವರು ಸುರಿಸಿ ಕೆಳಗಿದ್ದ ಅಂಚನ್ನೇ ಕೊಯ್ದ. ಬಾಗಿಲು ತಿರುಗಿಸಿ ಕೂಡಿಸಿದರೆ ಕೆಳಗೆ ಮೊದಲಿನಂತೆ ಉಜ್ಜುತ್ತದೆ, ಮೇಲೆ ಬೆಳಕು ಬರುತ್ತದೆ. ಮಾಸ್ತರರ ಮನೆಗೆ ಅವತ್ತಿನಿಂದ ಗುಬ್ಬಿಗಳು ಚಿಲಕ ತೆಗೆಯುವ ತನಕ ಕಾಯೋದಿಲ್ಲ.

ಕಾಳವ್ವ ಬೈದಳು, ಸುಸ್ತಾಗುವ ತನಕ ಬೈದಳು. ಕಡೆಗೆ ಬುದ್ಧಿ ಹೇಳಿದಳು: "ಮನ್ಯಾಗ ಅದನ್ನ ಹೆಂಗ ಬಳಸ್ತಾರ, ಮೊದಲ ಹಂಗ ಇಟಗೋಬೇಕು. ಆಮ್ಯಾಲ ಗರಗಸ ಹಚ್ಚಬೇಕು. ತಿಳೀತಿಲ್ಲೋ?"

ತಿಳೀತು ಅಂದ ಮೋನಪ್ಪ.

ಎರಡನೆಯ ವಾರ ನೀಲಗಂಗವ್ವ ಅಜ್ಜಿಯ ಹೊರಸಿನ ಸರದಿ. ಒಂದು ಕಾಲು ಉದ್ದ, ಅಜ್ಜಿ ಹೊರಳಿದರೆ ಹೊರಸೂ ಹೊರಳುತ್ತಿತ್ತು. ಹಿತ್ತಾಳೆ ಪಟ್ಟಿಯ ಗರಗಸ ಹಿಡಕೊಂಡು ಮೋನಪ್ಪ ಹೋದಾಗ ಅಜ್ಜಿ ಅಂಗಳದಲ್ಲಿ ಹೊರಸಿನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಂದು ಮಲಕೋ ಅಂದ. ನಿದ್ದೆ ಬಂದಿಲ್ಲೋ ಅಂದಳು. ನಿದ್ದೆ ಬೇಡ, ಬಳಸುವ ಹಾಗೆ ಇರಬೇಕು ಅಂತ ಅವ್ವ ಹೇಳ್ಯಾಳ ಅಂದ. ಕೌದಿ ಹಾಸಿದ, ದಿಂಬು ಇಟ್ಟ, ಎಂಬತ್ತು ದಾಟಿದ ಅಜ್ಜಿಯನ್ನು ಮಲಗಿಸಿದ, ಕಾಲ ತನಕ ಹೊದಿಸಿದ. ಇಷ್ಟು ಉಪಚಾರ ಅಜ್ಜಿಗೆ ಸೊಸೆಯಿಂದಲೂ ಸಿಕ್ಕಿರಲಿಲ್ಲವಂತೆ. ಮಗನ ಹಾಗೆ ನೋಡ್ತಾನಲ್ಲ ಅಂತ ಹರಸುತ್ತಿದ್ದಳು. ಹರಕೆ ಅರ್ಧಕ್ಕೆ ಬರುವಾಗ ಹೊರಸಿನ ಕಾಲು ತುಂಡಾಯಿತು. ಹೊರಸು ಒಂದು ಮೂಲೆಗೆ ಕುಸಿಯಿತು, ಅಜ್ಜಿ ಕೌದಿ ಸಮೇತ ಉರುಳಿ ಅವರೆಕಾಯಿ ಬುಟ್ಟಿಯ ಹತ್ತಿರ ಬಂದು ನಿಂತಳು. ಸದ್ಯ, ಏನೂ ಮುರಿಯಲಿಲ್ಲ. ಉಳಿದರ್ಧ ಹರಕೆಯನ್ನು ಮಾತ್ರ ಅವಳು ಬೇರೆ ಥರ ಮುಗಿಸಿದಳು.

ಕಾಳವ್ವ ಮತ್ತೆ ಬೈದಳು. ಮತ್ತೆ ಬುದ್ಧಿ ಹೇಳಿದಳು: ಒಬ್ಬನೇ ಹೋಗಿ ಇಂಥ ಕೆಲಸಕ್ಕೆ ಕೈ ಹಾಕ್ತಾರೇನೋ, ಇನ್ನೊಬ್ಬನನ್ನು ಕರೀಬೇಕು, ಒಂದು ತುದಿ ಅವನು ಹಿಡೀಬೇಕು, ಒಂದು ತುದಿ ನೀನು ಹಿಡೀಬೇಕು, ಎಲ್ಲ ಮೆಲ್ಲಗೆ ಮಾಡಬೇಕು.

ಹೂಂ ಅಂದ ಮೋನಪ್ಪ.

ಮೂರನೆಯ ವಾರ ಕೊಯ್ಯುವ ಕೆಲಸವನ್ನೇ ಅವಳು ಕೊಡಲಿಲ್ಲ. ಇಲಿಬಾಲದ ಗರಗಸವನ್ನು ಮೇಲಿನ ಓಣಿಯವರು ಎರವಲು ಒಯ್ದಿದ್ದರು. ಅದನ್ನು ತರೋಕೆ ಕಳಿಸಿದಳು. ಹಲ್ಲು ಯಾರಿಗೂ ತಾಗಬಾರದು, ಬಟ್ಟೆ ಸುತ್ತಿಕೊಂಡು ಬಾ ಅಂತ ಗಂಡನ ಹಳೆಯ ಬಿಳಿ ಧೋತರ ಕೊಟ್ಟಳು. ಗರಗಸ ಒಂದು ಮೊಳವೂ ಇಲ್ಲ, ಧೋತರ ಎಂಟು ಮೊಳ. ಮೋನಪ್ಪ ಅಷ್ಟನ್ನೂ ಸುತ್ತಿದ. ಆಮೇಲೆ ಎರಡು ತುದಿಯ ಮಾತು ನೆನಪಾಯಿತು. ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ಫಕೀರಪ್ಪನನ್ನು ಎಬ್ಬಿಸಿದ. ಮುಂದಿನ ತುದಿ ಫಕೀರಪ್ಪ, ಹಿಂದಿನ ತುದಿ ಇವನು, ನಡುವೆ ಬಿಳಿ ಬಟ್ಟೆಯ ಪುಟ್ಟ ಗಂಟು. ಇಬ್ಬರೂ ತಲೆ ತಗ್ಗಿಸಿ ಮೆಲ್ಲಗೆ ಓಣಿ ಇಳಿದರು.

ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟರು. ಚಹಾದಂಗಡಿಯವರು ಎದ್ದು ನಿಂತರು. ಯಾರ ಮನೆಯ ಕೂಸು ಅಂತ ಯಾರೂ ಕೇಳಲಿಲ್ಲ, ಇಂಥ ಹೊತ್ತಲ್ಲಿ ಕೇಳೋದು ಸರಿಯಲ್ಲ ಅಂತ ಚಪ್ಪಲಿ ಬಿಟ್ಟು ಹಿಂದೆ ನಡೆದರು. ಒಬ್ಬಳು ಅಳೋಕೆ ಶುರು ಮಾಡಿದಳು, ಹತ್ತು ಮಂದಿ ದನಿಗೂಡಿಸಿದರು. ಮೋನಪ್ಪ ಹಿಂದೆ ತಿರುಗಿ ನೋಡಿದ, ಇಷ್ಟು ಜನ ಅಳ್ತಿದಾರೆ ಅಂದರೆ ಯಾರೋ ಸತ್ತಿರಬೇಕು ಅಂತ ತಾನೂ ಅತ್ತ. ಕಾಳವ್ವ ಹೊಸ್ತಿಲಿಗೆ ಬಂದು ನೋಡಿದರೆ ಅರ್ಧ ಊರು ಅವಳ ಅಂಗಳದಲ್ಲಿ. ಬಟ್ಟೆ ಬಿಚ್ಚಿದರು. ಅಳು ನಿಂತಿತು. ಆಮೇಲೆ ನಡೆದ ಮಾತು ಬರೆಯುವಂಥದ್ದಲ್ಲ.

ಎಲ್ಲರೂ ಹೋದ ಮೇಲೆ ಅವಳು ಬೈಯಲಿಲ್ಲ. ಬೈಯೋಕೆ ಉಸಿರಿರಲಿಲ್ಲ. "ಇನ್ನ ಮ್ಯಾಲ ಜನಾ ಕೂಡಸಬ್ಯಾಡ, ಮಗನ," ಅಂದಳು. "ನಿನಗ ಏನು ಕೆಲಸ ಹೇಳ್ತಾರೋ ಅದನ್ನ ಒಬ್ಬಾವನ ಬಾಯಿ ಮುಚ್ಚಕೊಂಡು ಮಾಡಿ ಮುಗಿಸು."

ಅಮಾವಾಸ್ಯೆ ಬಂತು. ನಾಗಲಿಂಗಪ್ಪನೂ ಬಂದ. ಬಡಿಗರ ಅಂಗಡಿ ಅವತ್ತು ಮುಚ್ಚಿರುತ್ತದೆ, ಕಟ್ಟಿಗೆಯ ಮೇಲೆ ಯಾರೂ ಗರಗಸ ಇಡೋದಿಲ್ಲ. ಕಾಳವ್ವ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಆರೂ ಗರಗಸ ಕಂಬಳಿ ಮೇಲೆ ಬಂದವು. ಮಾವ ಒಂದೊಂದಕ್ಕೂ ಬೆರಳು ಮಾಡಿದ.

ಮೋನಪ್ಪ ಹೇಳಿದ. ಇದು ಅಡ್ಡ ಕೊಯ್ಯೋದು, ಮಾಸ್ತರ ಬಾಗಿಲು ಕೆಡಿಸಿದ್ದು. ಇದು ನೇರ ಕೂಡಿಗೆ, ಅಜ್ಜಿಯನ್ನು ಕೆಡವಿದ್ದು. ಇದು ತೂತಿಗೆ, ಊರೆಲ್ಲ ಅತ್ತದ್ದು. ಇದು ಉದ್ದಕ್ಕೆ ಸೀಳೋದು, ಇದು ಇಬ್ಬರದು, ಇವೆರಡರಿಂದ ಇನ್ನೂ ಏನೂ ಆಗಿಲ್ಲ. ಇದು ಕಬ್ಬಿಣಕ್ಕೆ, ಇದರಿಂದಲೂ ಏನೂ ಆಗಿಲ್ಲ.

ಆರಕ್ಕೆ ಆರೂ ಸರಿ. ಕಾಳವ್ವ ಕಂಬ ಹಿಡಕೊಂಡು ನಿಂತಳು. ನಾಗಲಿಂಗಪ್ಪನಿಗೆ ಖುಷಿಯಾಯಿತು. ಪೇಟೆಗೆ ಇಷ್ಟೆಲ್ಲ ಹೊರುವುದು ಬೇಡ, ಹಬ್ಬಕ್ಕೆ ಊರಿಗೆ ಬಂದಾಗ ಕೈಗೆ ಇಲ್ಲೂ ಬೇಕಾಗುತ್ತದೆ ಅಂತ ಲೆಕ್ಕ ಹಾಕಿದ. "ಅರ್ಧ ಮನ್ಯಾಗ ಇಡು, ಅರ್ಧ ಕಟ್ಟಿಕೊ. ಯಾವುದು ಇಡಬೇಕು, ಯಾವುದು ಒಯ್ಯಬೇಕು, ನೀನ ವಿಚಾರ ಮಾಡು. ನಾವು ಕಾಳಮ್ಮನ ಗುಡಿಗೆ ಹೋಗಿ ಬರ್ತೀವಿ."

ಹೊರಡುವಾಗ ಕಾಳವ್ವ ಒಂದು ಮಾತು ಹೇಳಿದಳು. ಇವತ್ತು ಅಮಾಸಿ, ಮರೆತು ಕಟ್ಟಿಗೆ ಕೊಯ್ದೀಯ, ಜೋಕೆ.

ಮೋನಪ್ಪ ಒಬ್ಬನೇ ಕೂತು ವಿಚಾರ ಮಾಡಿದ. ಜನ್ಮದಲ್ಲಿ ಮೊದಲನೇ ಸಲ. ಸೀಳೋದನ್ನು ಇಲ್ಲಿ ಬಿಟ್ಟರೆ ಅಲ್ಲಿ ಸೀಳೋದು ಯಾವುದರಿಂದ. ಅಡ್ಡ ಕೊಯ್ಯೋದನ್ನು ಅಲ್ಲಿಗೆ ಒಯ್ದರೆ ಇಲ್ಲಿ ಅಡ್ಡ ಕೊಯ್ಯೋದು ಯಾವುದರಿಂದ. ಯಾವುದನ್ನು ಬಿಟ್ಟರೂ ಒಂದು ಕಡೆ ಕೆಲಸ ನಿಲ್ಲುತ್ತದೆ. ಮಾವ ಅದಕ್ಕೇ ಅರ್ಧ ಅಂದದ್ದು. ಕಟ್ಟಿಗೆ ಮುಟ್ಟಬಾರದು, ಸರಿ, ಹಿಡಿಗಳನ್ನು ಮುಟ್ಟಲಿಲ್ಲ. ಕಬ್ಬಿಣ ಕೊಯ್ಯುವ ಗರಗಸ ಕೈಗೆತ್ತಿಕೊಂಡ. ಯಾರನ್ನೂ ಕರೀಲಿಲ್ಲ, ಬಾಯಿ ಬಿಡಲಿಲ್ಲ. ಅಪ್ಪನ ಪೆಟ್ಟಿಗೆಯಲ್ಲಿದ್ದ ಬ್ಲೇಡುಗಳಲ್ಲಿ ಏಳು ಸವೆದವು. ಅಂಗಳದಲ್ಲಿ ಒಂದು ಚಿಟಿಕೆ ಕಟ್ಟಿಗೆಯ ಹೊಟ್ಟು ಬೀಳಲಿಲ್ಲ.

ಇಬ್ಬರೂ ಗುಡಿಯಿಂದ ಬಂದಾಗ ಹೊತ್ತು ಇಳಿದಿತ್ತು. ಕಂಬಳಿಯ ಒಂದು ಕಡೆ ಐದು ಅರ್ಧ, ಇನ್ನೊಂದು ಕಡೆ ಐದು ಅರ್ಧ. ಮಾವ ಹಿರಿಯ ಅಂತ ಹಿಡಿ ಇರುವವು ಪೇಟೆಯ ಪಾಲಿಗೆ. ಇಬ್ಬರು ಎಳೆಯುವುದಕ್ಕೆ ಮಾತ್ರ ಎರಡೂ ಕಡೆ ಒಂದೊಂದು ಹಿಡಿ ಉಳಿದು, ಹಂಚಿಕೆ ತೊಂದರೆ ಇಲ್ಲದೆ ಆಗಿತ್ತು.

ಗಂಡನ ಕೈ ಆಡಿದ ಗರಗಸಗಳು ಹೋದವು, ಮಗನ ದಾರಿಯೂ ಹೋಯಿತು ಅಂತ ಕಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾಗಲಿಂಗಪ್ಪ ಬಗ್ಗಿ ಸೀಳುವ ಗರಗಸದ ಎರಡು ಅರ್ಧ ಎತ್ತಿಕೊಂಡ. ಒಂದರ ಪಕ್ಕ ಒಂದು ಹಿಡಿದ, ಒಂದೇ ಅಳತೆ. ಕೊಯ್ದ ಅಂಚಿಗೆ ಅಂಚು ಕೂಡಿಸಿ ಬಿಸಿಲಿಗೆ ಎತ್ತಿದ. ನಡುವೆ ಕೂದಲೆಳೆಯಷ್ಟೂ ಬೆಳಕಿಲ್ಲ. ಎರಡನೆಯದು ನೋಡಿದ, ಮೂರನೆಯದು ನೋಡಿದ. ಅವನ ಅಂಗಡಿಯಲ್ಲಿ ಮೂರು ವರ್ಷದಿಂದ ಇರುವವರು ಸಾಗವಾನಿ ಹಲಗೆಯನ್ನೇ ಇಷ್ಟು ನೇರ ಕೊಯ್ಯೋದಿಲ್ಲ. ಇದು ಉಕ್ಕು.

ಗೆರೆ ಯಾರು ಹಾಕಿಕೊಟ್ಟರು ಅಂತ ಕೇಳಿದ.

"ಗೆರಿ ಯಾಕ ಮಾವ," ಅಂದ ಮೋನಪ್ಪ. "ಅರ್ಧ ಅಂದ್ರ ಅರ್ಧನ ಅಲ್ಲ?"

ನಾಗಲಿಂಗಪ್ಪ ಅಕ್ಕನ ಕಡೆ ನೋಡಿದ, ಮತ್ತೆ ಅಳಿಯನ ಕಡೆ ನೋಡಿದ. ಮೋನಪ್ಪ ಕೈಯಲ್ಲಿದ್ದ ಕಬ್ಬಿಣದ ಗರಗಸವನ್ನು ಆ ಕಡೆ ಈ ಕಡೆ ತಿರುಗಿಸುತ್ತ ಬೇಜಾರಿನಲ್ಲಿ ನಿಂತಿದ್ದ.

"ಮಾವ, ಐದು ಹಂಚೀನಿ. ಇದನ್ನ ಇದರಿಂದನ ಕೊಯ್ಯಾಕ ಬರವಲ್ದು. ನಿಮ್ಮ ಅಂಗಡ್ಯಾಗ ಇಂಥಾದ್ದು ಇನ್ನೊಂದು ಐತೇನು?"

"ಐತಿ," ಅಂದ ನಾಗಲಿಂಗಪ್ಪ. "ಅಂಗಿ ಹಾಕ್ಕೋ, ಬಸ್ಸಿಗೆ ಹೊತ್ತಾತು."