ಒಂದು ಗುಟುಕು ನೀರು

“ಒಬ್ಬ ಮನುಷ್ಯ ಮುಂದೆ ಕೇಡು ಮಾಡುತ್ತಾನೋ ಇಲ್ಲವೋ ಎಂಬುದನ್ನು ಅವನನ್ನು ನೋಡಿ ಹೇಳಬಹುದೇ, ಗುರುಗಳೇ?” ಎಂದು ನೀಲಾಂಬಿಕೆ ಕೇಳಿದಳು.

ಅವಳು ಮನಶ್ಶಾಸ್ತ್ರ ಓದಿದವಳು. ಮನಸ್ಸಿನ ಕಾಯಿಲೆಯಲ್ಲಿ ಅಪರಾಧ ಮಾಡಿ ಆಸ್ಪತ್ರೆ ಸೇರಿದವರನ್ನು ಕಂಡು, ಅವರನ್ನು ಮನೆಗೆ ಕಳುಹಿಸಬಹುದೇ ಎಂದು ನ್ಯಾಯಾಲಯಕ್ಕೆ ತಿಳಿಸುವ ಕೆಲಸ ಕಲಿಯುತ್ತಿದ್ದಳು. ಗುರುಗಳು ಅದೇ ಕೆಲಸದಲ್ಲಿ ಮುದುಕರಾದವರು. “ಒಂದು ಕತೆ ಹೇಳುತ್ತೇನೆ, ಕೇಳಮ್ಮ” ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಪಕ್ಕದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣಗಾರನಿದ್ದ. ಎರಡು ಮನೆಗೂ ಒಂದೇ ಬಾವಿ. ನೇಕಾರ ಒಂಟಿ. ಬಣ್ಣಗಾರನಿಗೆ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ನೇಕಾರ ಅವನನ್ನು ಅಣ್ಣ ಎನ್ನುತ್ತಿದ್ದ.

ಒಂದು ವರ್ಷ ನೇಕಾರನಿಗೆ ನಿದ್ದೆ ಬಾರದಂತಾಯಿತು. ಆಮೇಲೆ ಬಾವಿಯ ನೀರು ಕಹಿ ಎನಿಸತೊಡಗಿತು. ಬಣ್ಣಗಾರ ನೀರಿಗೆ ವಿಷ ಬೆರೆಸುತ್ತಿದ್ದಾನೆ ಎಂದು ಅವನ ಮನಸ್ಸು ಹೇಳಿತು. ಒಂದು ಮಧ್ಯಾಹ್ನ ಅವನು ಮಗ್ಗದ ಮರದ ತುಂಡೊಂದನ್ನು ಎತ್ತಿಕೊಂಡು ಹೋಗಿ ಬಣ್ಣಗಾರನನ್ನು ಹೊಡೆದ. ಬಣ್ಣಗಾರ ಬದುಕಿಕೊಂಡ. ಆದರೆ ಅವನ ಬಲಗೈ ಮತ್ತೆ ಮೇಲೇಳಲಿಲ್ಲ.

ಬುದ್ಧಿ ಕೆಟ್ಟು ಕೇಡು ಮಾಡಿದವರನ್ನು ಇಡಲು ಊರಾಚೆ ಒಂದು ಕಾವಲುಮನೆ ಇತ್ತು. ನೇಕಾರನನ್ನು ಅಲ್ಲಿಟ್ಟರು. ಮದ್ದು ಕೊಟ್ಟರು. ನಿದ್ದೆ ಬಂತು, ನೀರಿನ ಕಹಿ ಹೋಯಿತು, ತಾನು ಏನು ಮಾಡಿದೆ ಎಂಬುದೂ ತಿಳಿಯಿತು. ಅದು ತಿಳಿದ ದಿನ ಅವನು ಊಟ ಮಾಡಲಿಲ್ಲ.

ವರ್ಷಕ್ಕೊಮ್ಮೆ ಒಬ್ಬ ವೈದ್ಯ ಬಂದು ಅಲ್ಲಿದ್ದವರನ್ನು ನೋಡಿ, ಇಂಥವನನ್ನು ಬಿಡಬಹುದು, ಇಂಥವನನ್ನು ಬಿಡಬಾರದು ಎಂದು ಅಧಿಕಾರಿಗೆ ಬರೆದು ಕೊಡುತ್ತಿದ್ದ. ವೈದ್ಯ ಪ್ರಾಮಾಣಿಕ. ಇಬ್ಬರು ಕಾವಲಿನವರನ್ನು ಹಿಂದೆ ನಿಲ್ಲಿಸಿಕೊಂಡು ಬಾಗಿಲ ಬಳಿ ಕುಳಿತು ನೇಕಾರನನ್ನು ನೋಡಿದ. ನೇಕಾರ ತಲೆ ಎತ್ತಲಿಲ್ಲ. ಹೊದಿಕೆಯೊಳಗಿಂದ ಕೈ ಹೊರಗೆ ತೆಗೆಯಲಿಲ್ಲ. ಕೇಳಿದ್ದಕ್ಕೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ‘ಕಣ್ಣು ತಪ್ಪಿಸುತ್ತಾನೆ, ಕೈ ಬಚ್ಚಿಡುತ್ತಾನೆ, ಅಪಾಯ ಉಳಿದಿದೆ’ ಎಂದು ವೈದ್ಯ ಬರೆದ. ಮರುವರ್ಷವೂ ಹಾಗೆಯೇ ಕಂಡಿತು, ಹಾಗೆಯೇ ಬರೆದ.

ಮೂರನೆಯ ವರ್ಷ ವೈದ್ಯ ನೇಕಾರನನ್ನು ನೋಡಿ ಹೊರಡುವಾಗ ಅಲ್ಲಿ ಅಡುಗೆ ಮಾಡುವ ಮುದುಕಿ ದಾರಿಗೆ ಬಂದಳು.

“ವೈದ್ಯರೇ, ಮದ್ದಿನಿಂದ ಅವನ ಕೈ ನಡುಗುತ್ತದೆ. ನೀವು ಅದನ್ನು ಕಂಡು ಹೆದರಬಾರದೆಂದು ಹೊದಿಕೆಯೊಳಗೆ ಇಟ್ಟುಕೊಳ್ಳುತ್ತಾನೆ. ಬೇರೆ ದಿನ ನನ್ನ ಜೊತೆ ಕುಳಿತು ಸೊಪ್ಪು ಬಿಡಿಸುತ್ತಾನೆ. ನೀವು ಬರುವ ದಿನ ಮಾತ್ರ ಹೀಗೆ.”

ವೈದ್ಯ ಅಲ್ಲಿಯೇ ನಿಂತ. ಮೂರು ವರ್ಷ ತಾನು ಕುಳಿತದ್ದು ಎಲ್ಲಿ, ತನ್ನ ಹಿಂದೆ ನಿಂತಿದ್ದವರು ಯಾರು ಎಂದು ನೆನೆದ. ತನ್ನ ಭಯವನ್ನು ನೋಡಿ ಆ ಮನುಷ್ಯ ಮುದುಡುತ್ತಿದ್ದ, ಅವನು ಮುದುಡಿದ್ದನ್ನು ನೋಡಿ ತಾನು ಇನ್ನೂ ಹೆದರುತ್ತಿದ್ದೆ ಎಂದು ಅವನಿಗೆ ಅರಿವಾಯಿತು. ಕಾವಲಿನವರನ್ನು ಅಂಗಳದಲ್ಲಿ ಇರಲು ಹೇಳಿ ಒಳಗೆ ಹೋದ. ನೇಕಾರನ ಚಾಪೆಯ ಮೇಲೆಯೇ ಕುಳಿತ.

“ಮತ್ತೆ ಯಾರನ್ನಾದರೂ ಹೊಡೆಯುತ್ತೀಯಾ?” ಎಂದು ಕೇಳಿದ.

“ಗೊತ್ತಿಲ್ಲ. ಆಗಲೂ ನಾನು ಹೊಡೆಯುವವನಲ್ಲ ಎಂದೇ ತಿಳಿದಿದ್ದೆ.”

“ಹೊಡೆಯುವ ಮೊದಲು ಏನಾಯಿತು?”

“ನೀರು ಕಹಿಯಾಯಿತು. ನಾಲ್ಕು ಜನರಿಗೆ ಹೇಳಿದೆ. ನಕ್ಕರು. ಆಮೇಲೆ ಹೇಳುವುದನ್ನು ಬಿಟ್ಟೆ. ಬಿಟ್ಟ ಮೇಲೆ ದಿನದಿನಕ್ಕೂ ಕಹಿ ಹೆಚ್ಚಿತು. ಅದು ಮತ್ತೆ ಬಂದರೆ ಯಾರಿಗೆ ಹೇಳಲಿ ಎಂಬುದೊಂದೇ ನನ್ನ ಚಿಂತೆ.” ಇಷ್ಟು ಹೇಳಿ ನೇಕಾರ ನಡುಗುವ ಕೈಗಳನ್ನು ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ವೈದ್ಯ ಅಂದು ಏನನ್ನೂ ಬರೆಯಲಿಲ್ಲ. ನೀರು ಮತ್ತೆ ಕಹಿಯಾದರೆ ನೇಕಾರನ ಮಾತು ಕೇಳುವವರನ್ನು ಹುಡುಕಿಕೊಂಡು ಹೋದ. ನೇಕಾರನಿಗೆ ಒಬ್ಬ ತಂಗಿ ಇದ್ದಳು. ಮನೆಯಲ್ಲಿ ಎಳೆಯ ಮಕ್ಕಳಿದ್ದಾರೆ, ಧೈರ್ಯ ಸಾಲದು ಎಂದು ಅವಳು ಅತ್ತಳು. ಓಣಿಯ ಹಿರಿಯರು ಬೇಡವೇ ಬೇಡ ಎಂದರು. ವೈದ್ಯ ಯಾರನ್ನೂ ದೂರಲಿಲ್ಲ. ಕೊನೆಗೆ, ನೇಕಾರನನ್ನು ಮನೆಗೆ ಕಳುಹಿಸುವ ಪ್ರಯತ್ನ ಮಾಡುತ್ತಿದ್ದೇನೆ ಎಂದು ತಿಳಿಸುವುದು ತನ್ನ ಧರ್ಮವೆಂದು ಬಣ್ಣಗಾರನ ಮನೆಗೆ ಹೋದ.

ಬಣ್ಣಗಾರನ ಹೆಂಡತಿ ಎಲ್ಲವನ್ನೂ ಕೇಳಿ, “ಇವರಿಗೆ ಅನ್ನ ಕಲಸಿ ಕೊಡುವವಳು ನಾನು. ಆ ಮನುಷ್ಯನ ಮುಖ ನಾನು ನೋಡುವುದಿಲ್ಲ” ಎಂದು ಒಳಗೆ ಹೋದಳು.

ಬಣ್ಣಗಾರ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ, “ಅವನು ಹೇಳಿದ ನಾಲ್ಕು ಜನರಲ್ಲಿ ಮೊದಲನೆಯವನು ನಾನು. ತಮ್ಮಾ, ನಿನ್ನ ನಾಲಿಗೆಗೆ ಬಣ್ಣ ಹತ್ತಿದೆ ಎಂದು ನಕ್ಕಿದ್ದೆ” ಎಂದ.

“ಪೆಟ್ಟು ತಿಂದವನು ನೀನು. ನಿನ್ನ ಮೇಲೆ ಯಾವ ಹೊಣೆಯೂ ಇಲ್ಲ” ಎಂದ ವೈದ್ಯ.

“ಹೊಣೆಯ ಮಾತಲ್ಲ ವೈದ್ಯರೇ. ನನಗೂ ಭಯವಿದೆ. ಆದರೆ ಪಕ್ಕದ ಮನೆಯವನು ನಾನೇ ಅಲ್ಲವೇ? ಬೆಳಿಗ್ಗೆ ನೀರು ಸೇದಿದೊಡನೆ ತಂಬಿಗೆ ಹಿಡಿದು ಬರಲಿ. ಮೆಟ್ಟಿಲ ಹತ್ತಿರ ನಿಂತು ಕೂಗಲಿ. ನಾನು ಒಂದು ಗುಟುಕು ಕುಡಿದು ಹೇಗಿದೆ ಎಂದು ಹೇಳುತ್ತೇನೆ.”

ವೈದ್ಯ ಅಧಿಕಾರಿಗೆ ಹೀಗೆ ಬರೆದು ಕೊಟ್ಟ: ‘ಇವನಿಂದ ಅಪಾಯವೇ ಇಲ್ಲ ಎನ್ನಲಾರೆ. ಒಬ್ಬನೇ ಇದ್ದರೆ ಇದೆ. ದಿನವೂ ಅವನ ಮಾತು ಕೇಳುವವರಿದ್ದರೆ ಕಡಿಮೆ. ಕೇಳುವವನು ಸಿಕ್ಕಿದ್ದಾನೆ. ತಿಂಗಳಿಗೊಮ್ಮೆ ನಾನೂ ಹೋಗಿ ನೋಡುತ್ತೇನೆ.’ ಹೌದೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಬೇಕೆಂದು ಅಧಿಕಾರಿ ಗದರಿದ. ಹಾಗೆ ಹೇಳಿಯೇ ಎರಡು ವರ್ಷ ತಪ್ಪಿದ್ದೇನೆ ಎಂದ ವೈದ್ಯ. ಅಧಿಕಾರಿ ಕಾಗದವನ್ನು ಎರಡು ಸಲ ಓದಿ ಒಪ್ಪಿಗೆ ಕೊಟ್ಟ.

ನೇಕಾರ ಮನೆಗೆ ಬಂದ. ಬೆಳಿಗ್ಗೆ ತಂಬಿಗೆ ಹಿಡಿದು ಮೆಟ್ಟಿಲ ಹತ್ತಿರ ನಿಂತು, “ಅಣ್ಣಾ” ಎಂದ. ಬಣ್ಣಗಾರ ಹೊರಗೆ ಬಂದು ಎಡಗೈಯಲ್ಲಿ ತಂಬಿಗೆ ತೆಗೆದುಕೊಂಡು ಒಂದು ಗುಟುಕು ಕುಡಿದು, “ಸಿಹಿಯಾಗಿದೆ” ಎಂದ. ನೇಕಾರ ಕುಡಿದು, “ನನಗೂ ಸಿಹಿ” ಎಂದ. ಅಷ್ಟೇ ಮಾತು. ಮರುದಿನವೂ ಅಷ್ಟೇ. ಮೊದಲ ತಿಂಗಳು ಬಣ್ಣಗಾರ ಹೊಸ್ತಿಲ ಹತ್ತಿರವೇ ನಿಲ್ಲುತ್ತಿದ್ದ. ಆಮೇಲೆ ಮೆಟ್ಟಿಲಿಗೆ ಇಳಿದು ಬರತೊಡಗಿದ. ಹೆಂಡತಿ ಮಾತ್ರ ಆ ಹೊತ್ತಿಗೆ ಹೊರಗೆ ಬರುತ್ತಿರಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ನೇಕಾರ ಬಂದವನು ಕೂಗಲಿಲ್ಲ. ಬಣ್ಣಗಾರನೇ ಬಾಗಿಲು ತೆರೆದು ನೋಡಿದ. ನೇಕಾರನ ಕಣ್ಣು ಕೆಂಪಾಗಿತ್ತು.

“ಅಣ್ಣಾ, ಇವತ್ತು ಕಹಿ.”

ಬಣ್ಣಗಾರ ತಂಬಿಗೆ ತೆಗೆದುಕೊಂಡು ಒಂದು ಗುಟುಕು ಕುಡಿದ. “ನನ್ನ ಬಾಯಿಗೆ ಸಿಹಿಯಾಗಿದೆ, ತಮ್ಮಾ.”

“ಸುಳ್ಳು ಹೇಳುತ್ತಿದ್ದೀಯಾ?”

ಬಣ್ಣಗಾರ ನಗಲಿಲ್ಲ, ವಾದಿಸಲೂ ಇಲ್ಲ. ಉಳಿದ ನೀರನ್ನೆಲ್ಲ ಅವನ ಎದುರಿಗೇ ಕುಡಿದ. “ನಿನಗೆ ಕಹಿಯಾಗಿದೆ ಎಂದರೆ ಕಹಿಯಾಗಿಯೇ ಇರುತ್ತದೆ. ನಂಬುತ್ತೇನೆ. ಎಷ್ಟು ದಿನವಾಯಿತು ನಿದ್ದೆ ಮಾಡಿ?”

ನೇಕಾರ ಖಾಲಿ ತಂಬಿಗೆಯನ್ನು ನೋಡುತ್ತ ನಿಂತ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತು, “ವೈದ್ಯರನ್ನು ಕರೆಸು ಅಣ್ಣಾ” ಎಂದ. ವೈದ್ಯ ಬರುವವರೆಗೆ ಬಣ್ಣಗಾರ ಅವನ ಪಕ್ಕದಲ್ಲಿಯೇ ಕುಳಿತಿದ್ದ. ವೈದ್ಯ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಮದ್ದು ಬದಲಿಸಿದ. ನಲವತ್ತು ದಿನಕ್ಕೆ ಕಾಯಿಲೆ ಇಳಿಯಿತು. ನಲವತ್ತೊಂದನೆಯ ದಿನ ನೇಕಾರ ಮತ್ತೆ ಮೆಟ್ಟಿಲ ಹತ್ತಿರ ನಿಂತು, “ಅಣ್ಣಾ” ಎಂದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನೀಲಾಂಬಿಕೆ ಯೋಚಿಸಿದಳು. ಅವಳಿಗೆ ಇನ್ನೂ ಸಮಾಧಾನವಾಗಿರಲಿಲ್ಲ. “ಬಣ್ಣಗಾರ ವಯಸ್ಸಿನಲ್ಲಿ ಹಿರಿಯ, ಗುರುಗಳೇ. ಅವನು ಒಂದು ದಿನ ಸಾಯಲೇಬೇಕು. ಆಗ ಆ ನೇಕಾರ ಮತ್ತೆ ಒಂಟಿಯಾಗಲಿಲ್ಲವೇ? ಅಪಾಯ ಮತ್ತೆ ಬರಲಿಲ್ಲವೇ?”

ಗುರುಗಳು ಹೇಳಿದರು: “ಬಣ್ಣಗಾರ ಸತ್ತ ಮಾರನೆಯ ಬೆಳಿಗ್ಗೆ ಆ ನೇಕಾರ ಯಾರನ್ನು ಕೂಗಲಿ ಎಂದು ತಿಳಿಯದೆ ತಂಬಿಗೆ ಹಿಡಿದು ನಿಂತಿದ್ದಾಗ, ಬಣ್ಣಗಾರನ ಹೆಂಡತಿ ಬಾಗಿಲು ತೆರೆದು ಹೊರಗೆ ಬಂದು, ಕೊಡು ಇಲ್ಲಿ ಎಂದು ಕೈ ಚಾಚಿದಳು.”